ಕೈ ಮುಂದೆ ತಳ್ಳಿದರೆ ಚೆಂಡು ಬಲಕ್ಕೆ ಹೋಗುವುದೇಕೆ?

ಪ್ರಶ್ನೆ: ನನಗೆ 46 ವರ್ಷ, ಮೈಸೂರಿನಲ್ಲಿದ್ದೇನೆ. ಕಾಲೇಜಿನ ದಿನಗಳಲ್ಲಿ ಕ್ರಿಕೆಟ್ ಆಡುತ್ತಿದ್ದೆ. ಗಾಲ್ಫ್ ಶುರು ಮಾಡಿ ಮೂರು ವರ್ಷವಾಯಿತು. ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರಿಸುವ ಅಂಕ, ಕಡಿಮೆಯಿದ್ದಷ್ಟೂ ಒಳ್ಳೆಯದು) 22. ಸ್ನೇಹಿತರೊಬ್ಬರು ಮೊಬೈಲಿನಲ್ಲಿ ನನ್ನ ಸ್ವಿಂಗ್ ಸೆರೆಹಿಡಿದರು. ಕ್ಲಬ್ ಚೆಂಡಿಗೆ ತಾಗುವ ಹೊತ್ತಿಗೆ ನನ್ನ ಕೈಗಳು ಕ್ಲಬ್‌ಹೆಡ್‌ಗಿಂತ ಹಿಂದಿವೆ, ಎಡ ಮಣಿಕಟ್ಟು ಹಿಂದಕ್ಕೆ ಮಡಚಿಕೊಂಡಿದೆ, ಸೊಂಟ ಚೆಂಡಿನ ಕಡೆಗೆ ನುಗ್ಗಿ ನಾನು ನೆಟ್ಟಗೆ ಎದ್ದು ನಿಂತಿದ್ದೇನೆ. ಕೈಗಳನ್ನು ಮುಂದಿಟ್ಟು ಹೊಡೆಯಲು ಹೋದರೆ ಚೆಂಡು ಸೀದಾ ಬಲಕ್ಕೆ ಹೋಗುತ್ತದೆ, ಒಮ್ಮೊಮ್ಮೆ ಶ್ಯಾಂಕ್ ಆಗುತ್ತದೆ, ಅಂದರೆ ಕ್ಲಬ್‌ಹೆಡ್ಡಿನ ಬುಡಕ್ಕೆ ತಗಲಿ ಅಡ್ಡಕ್ಕೆ ಹಾರುತ್ತದೆ. ಅಭ್ಯಾಸದ ರೇಂಜಿನ ಮ್ಯಾಟ್ ಮೇಲೆ ಪರವಾಗಿಲ್ಲ ಎನ್ನಿಸಿದ ಹೊಡೆತವೇ ಕೋರ್ಸಿನಲ್ಲಿ ನೆಲ ಅಗೆಯುತ್ತದೆ. 7 ಐರನ್ ಎಂಬ ಮಧ್ಯಮ ದೂರದ ಕ್ಲಬ್‌ನಲ್ಲಿ 120 ಗಜ ದಾಟುವುದಿಲ್ಲ. ಕೈ ಮತ್ತು ಮೈಯ ಸ್ಥಾನವನ್ನು ಸರಿಪಡಿಸಿಕೊಳ್ಳುವುದು ಹೇಗೆ ಸರ್? ಹೊಸ ಐರನ್ ಸೆಟ್ ಕೊಂಡರೆ ಪ್ರಯೋಜನವಿದೆಯೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ವಿಡಿಯೊದ ವಿವರವಲ್ಲ, ಕೈ ಮುಂದಿಟ್ಟು ಹೊಡೆದರೆ ಚೆಂಡು ಬಲಕ್ಕೆ ಹೋಗುತ್ತದೆ ಎಂಬ ಮಾತು. ಮಣಿಕಟ್ಟು ಮಡಚಿಕೊಳ್ಳುವುದನ್ನು ನೀವು ರೋಗವೆಂದು ತಿಳಿದಿದ್ದೀರಿ. ಅದು ನಿಮ್ಮ ಮೈ ತಾನಾಗಿ ಕಂಡುಕೊಂಡಿರುವ ಮದ್ದು. ಕ್ಲಬ್ ಕೆಳಗಿಳಿಯುವಾಗ ಅದರ ಫೇಸ್ (ಚೆಂಡಿಗೆ ತಾಗುವ ಮುಖ) ತೆರೆದುಕೊಂಡಿರುತ್ತದೆ, ಅಂದರೆ ಗುರಿಯ ಬಲಕ್ಕೆ ನೋಡುತ್ತಿರುತ್ತದೆ. ಕೊನೆಯ ಗಳಿಗೆಯಲ್ಲಿ ಅದನ್ನು ನೇರಕ್ಕೆ ತರಬೇಕಾದರೆ ತಿರುಗುತ್ತಿರುವ ಸೊಂಟವನ್ನು ನಿಲ್ಲಿಸಿ, ಮೈಯನ್ನು ಮೇಲೆತ್ತಿ, ಮಣಿಕಟ್ಟಿನಿಂದ ಕ್ಲಬ್‌ಹೆಡ್ಡನ್ನು ಮುಂದಕ್ಕೆ ಎಸೆಯಬೇಕು. ನೀವು ಮಾಡುತ್ತಿರುವುದು ಅದನ್ನೇ. ಮದ್ದನ್ನು ಕಿತ್ತುಕೊಂಡು ರೋಗವನ್ನು ಹಾಗೆಯೇ ಬಿಟ್ಟರೆ ಚೆಂಡು ಬಲಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ಆದ್ದರಿಂದ ನಾನು ಹೇಳುವ ಕ್ರಮ ನೀವು ನಿರೀಕ್ಷಿಸಿದ್ದಕ್ಕೆ ತಿರುಗುಮುರುಗಾಗಿ ಕಾಣಬಹುದು. ಮೊದಲು ಫೇಸ್, ಅದಾದ ಮೇಲೆ ಕಾಲಿನ ಮೇಲಿನ ಭಾರ, ಅದಾದ ಮೇಲೆ ಸೊಂಟ. ಕೈಗಳ ಸ್ಥಾನ ಕಟ್ಟಕಡೆಗೆ ಬರುತ್ತದೆ, ಬಹುಪಾಲು ತಾನಾಗಿಯೇ. ಇಲ್ಲಿನ ಎಡಬಲಗಳೆಲ್ಲ ಬಲಗೈ ಆಟಗಾರರ ಲೆಕ್ಕದಲ್ಲಿವೆ. ಎಡಗೈಯವರು ಅದಲುಬದಲು ಮಾಡಿ ಓದಿಕೊಳ್ಳಲಿ.

ಇಂಪ್ಯಾಕ್ಟ್ ಎನ್ನುವುದು ಎಷ್ಟು ಹೊತ್ತಿನ ಸಂಗತಿ ಎಂದು ಮೊದಲು ನೋಡೋಣ. ಕ್ಲಬ್ ಮತ್ತು ಚೆಂಡು ಒಂದಕ್ಕೊಂದು ಅಂಟಿಕೊಂಡಿರುವುದು ಸುಮಾರು ಅರ್ಧ ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ. ಅಷ್ಟರಲ್ಲಿ ಕ್ಲಬ್‌ಹೆಡ್ ಎರಡು ಸೆಂಟಿಮೀಟರ್ ಕೂಡ ಚಲಿಸಿರುವುದಿಲ್ಲ. ಮೇಲಿನಿಂದ ಚೆಂಡಿನವರೆಗೆ ಬರುವ ಇಡೀ ಇಳಿತಕ್ಕೇ ಕಾಲು ಸೆಕೆಂಡಿನ ಆಸುಪಾಸು ಸಾಕು. ಕಣ್ಣಿಗೆ ಕಂಡದ್ದಕ್ಕೆ ಕೈ ಪ್ರತಿಕ್ರಿಯೆ ತೋರಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಹಾಗಿರುವಾಗ ಚೆಂಡಿನ ಬಳಿ ಬಂದ ಮೇಲೆ ಕೈಗಳನ್ನು ಮುಂದೆ ಇಡುತ್ತೇನೆ ಎನ್ನುವುದು ಆಗದ ಮಾತು. ಫೋಟೊದಲ್ಲಿ ಕಾಣುವ ಆ ಭಂಗಿ ಯಾರೂ ಬೇಕೆಂದು ಮಾಡಿಕೊಂಡದ್ದಲ್ಲ. ಹಿಡಿತ, ಮೇಲಿನ ಮಣಿಕಟ್ಟು, ಇಳಿತದ ಮೊದಲ ಚಲನೆ ಇವೆಲ್ಲ ಸೇರಿ ಕೊನೆಗೆ ಅಲ್ಲಿಗೆ ತಂದು ನಿಲ್ಲಿಸಿರುತ್ತವೆ.

ಅಮೆರಿಕದ ವೃತ್ತಿಪರ ಆಟಗಾರ ಜಿಮ್ ಫ್ಯೂರಿಕ್ ಅವರ ಸ್ವಿಂಗ್ ನೋಡಿದ್ದೀರಾ? ಕ್ಲಬ್ ನೇರ ಆಕಾಶಕ್ಕೆ ಏರುತ್ತದೆ, ಮೇಲೆ ಒಂದು ಸುತ್ತು ಹಾಕುತ್ತದೆ, ಬೇರೆಯೇ ದಾರಿಯಲ್ಲಿ ಕೆಳಗೆ ಬೀಳುತ್ತದೆ. ಯಾವ ಶಿಕ್ಷಕರೂ ಶಿಷ್ಯರಿಗೆ ಹಾಗೆ ಹೇಳಿಕೊಡಲಾರರು. ಆದರೆ ಇಂಪ್ಯಾಕ್ಟ್‌ನ ಒಂದು ಚಿತ್ರವನ್ನು ಮಾತ್ರ ಕತ್ತರಿಸಿ ತೋರಿಸಿದರೆ ಅದು ಯಾವ ಉತ್ತಮ ಆಟಗಾರನದ್ದಾದರೂ ಆಗಬಹುದು: ಸೊಂಟ ಗುರಿಯತ್ತ ತೆರೆದಿದೆ, ಎಡಗಾಲ ಮೇಲೆ ಭಾರವಿದೆ, ಕೈಗಳು ಚೆಂಡಿನ ಮುಂದಿವೆ. ಆ ಸ್ವಿಂಗ್‌ನಲ್ಲೇ ಅವರು 2003ರ ಯು.ಎಸ್. ಓಪನ್ ಗೆದ್ದರು, 2016ರಲ್ಲಿ ಅಮೆರಿಕದ ವೃತ್ತಿಪರರ ಪಿಜಿಎ ಟೂರ್‌ನ ಚರಿತ್ರೆಯ ಮೊತ್ತಮೊದಲ 58 ಹೊಡೆತಗಳ ಸುತ್ತನ್ನು ಆಡಿದರು. ಸ್ವಿಂಗ್‌ನ ಅಂದಚೆಂದದ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಅವರ ಹಳೆಯ ವಿಡಿಯೊಗಳನ್ನು ಒಮ್ಮೆ ನೋಡಬೇಕು.

ಈಗ ನಿಮ್ಮ 120 ಗಜದ ಲೆಕ್ಕ. 7 ಐರನ್‌ನ ಲಾಫ್ಟ್, ಅಂದರೆ ಫೇಸ್ ಮೇಲ್ಮುಖವಾಗಿ ವಾಲಿರುವ ಕೋನ, 32 ಡಿಗ್ರಿ ಎಂದು ಇಟ್ಟುಕೊಳ್ಳಿ. ಶಾಫ್ಟ್ (ಕ್ಲಬ್‌ನ ಉದ್ದನೆಯ ಕೋಲು) ಗುರಿಯ ಕಡೆಗೆ 8 ಡಿಗ್ರಿ ವಾಲಿದ್ದರೆ ಚೆಂಡಿಗೆ ಸಿಗುವ ಲಾಫ್ಟ್ ಸುಮಾರು 24. ನಿಮ್ಮ ಹಾಗೆ 5 ಡಿಗ್ರಿ ಹಿಂದಕ್ಕೆ ವಾಲಿದ್ದರೆ ಅದು 37ಕ್ಕೆ ಏರುತ್ತದೆ. ಕೈಯಲ್ಲಿ 7 ಐರನ್ ಇದೆ, ಚೆಂಡಿಗೆ ತಾಗುತ್ತಿರುವುದು ಹೆಚ್ಚುಕಡಿಮೆ ಒಂದು 8 ಐರನ್. ಅದಕ್ಕೇ ಚೆಂಡು ಮೇಲಕ್ಕೆ ಹಾರಿ ಅಲ್ಲೇ ಬೀಳುತ್ತದೆ. 8 ಡಿಗ್ರಿ ಎಂದರೆ ಕೈಗಳು ಕ್ಲಬ್‌ಹೆಡ್‌ಗಿಂತ ನಾಲ್ಕೂವರೆ ಇಂಚಿನಷ್ಟು ಮಾತ್ರ ಮುಂದಿರುತ್ತವೆ. ಜಾಲತಾಣದ ಚಿತ್ರಗಳನ್ನು ನೋಡಿ ಒಂದು ಅಡಿ ಮುಂದೆ ತಳ್ಳಬೇಕು ಎಂದುಕೊಳ್ಳುವವರು ಬಹಳ. ಹಾಗೇನೂ ಇಲ್ಲ.

ತೆರೆದ ಫೇಸ್ ನಿಮಗೆ ಎಲ್ಲಿಂದ ಬಂತು? ನನ್ನ ಅನುಮಾನ ಕ್ರಿಕೆಟ್ಟಿನ ಮೇಲೆ. ಬ್ಯಾಟಿನ ತೂಕ ಹಿಡಿಯ ನೇರಕ್ಕೇ ಇರುತ್ತದೆ, ಆದ್ದರಿಂದ ಅದನ್ನು ತಿರುಗಿಸುವ ಅಗತ್ಯವಿಲ್ಲ. ನೇರ ಬ್ಯಾಟ್, ಮೇಲಕ್ಕೆತ್ತಿದ ಎಡ ಮೊಣಕೈ, ಕೊನೆಯವರೆಗೂ ಬೌಲರ್ ಕಡೆಗೇ ನೋಡುವ ಬ್ಲೇಡ್. ಚಿಕ್ಕಂದಿನಿಂದ ನಮಗೆ ಹೇಳಿಕೊಟ್ಟದ್ದು ಅದನ್ನೇ. ಗಾಲ್ಫ್ ಕ್ಲಬ್‌ನಲ್ಲಿ ತೂಕದ ಕೇಂದ್ರ ಶಾಫ್ಟಿನ ನೇರದಲ್ಲಿಲ್ಲ, ಪಕ್ಕಕ್ಕಿದೆ. ಕ್ಲಬ್ಬನ್ನು ಬೀಸಿದ ಕೂಡಲೇ ಅದರ ಮೂತಿ ಹಿಂದುಳಿದು ಫೇಸ್ ತೆರೆಯಲು ನೋಡುತ್ತದೆ. ಅದನ್ನು ಮುಚ್ಚುವ ಕೆಲಸ ಆಟಗಾರನದ್ದು. ಕವರ್ ಡ್ರೈವ್‌ನ ಕೈಗಳಿಗೆ ಆ ಕೆಲಸ ಗೊತ್ತೇ ಇಲ್ಲ. ಹಾಕಿ ಆಡಿ ಬೆಳೆದವರು ಈ ವಿಷಯದಲ್ಲಿ ಪುಣ್ಯವಂತರು; ಕೊಡಗಿನಿಂದ ಬಂದು ಗಾಲ್ಫ್ ಕಲಿಯುವವರ ಕೈಗಳು ಮೊದಲ ವಾರದಲ್ಲೇ ಚೆಂಡಿನ ಮುಂದಿರುವುದನ್ನು ಕಂಡು ಉಳಿದ ವಿದ್ಯಾರ್ಥಿಗಳು ಹೊಟ್ಟೆ ಉರಿಸಿಕೊಳ್ಳುತ್ತಾರೆ.

ಒಂದು ಸಣ್ಣ ಪರೀಕ್ಷೆ ಮಾಡಿ. ಚೆಂಡಿನ ಮುಂದೆ ನಿಂತು, ಫೇಸನ್ನು ಗುರಿಗೆ ನೇರ ಇಟ್ಟು, ಹಿಡಿತ ಬದಲಿಸದೆ ಕೈಗಳನ್ನು ಮಾತ್ರ ನಾಲ್ಕು ಇಂಚು ಗುರಿಯ ಕಡೆಗೆ ಸರಿಸಿ. ಫೇಸ್ ಎಲ್ಲಿ ನೋಡುತ್ತಿದೆ? ಬಲಕ್ಕೆ. ಕ್ಲಬ್ ನೆಲದ ಮೇಲೆ ಓರೆಯಾಗಿ ನಿಲ್ಲುವುದರಿಂದ ಶಾಫ್ಟ್ ಮುಂದೆ ವಾಲಿದಂತೆಲ್ಲ ಫೇಸ್ ತೆರೆಯುತ್ತದೆ. ಐರನ್ ಹೊಡೆತದಲ್ಲಿ ಚೆಂಡು ಹೊರಡುವ ದಿಕ್ಕಿನ ಸುಮಾರು ಮುಕ್ಕಾಲು ಪಾಲನ್ನು ಫೇಸ್ ನಿರ್ಧರಿಸುತ್ತದೆ. ನಿಮ್ಮ ಬಲಗಡೆಯ ಚೆಂಡಿನ ಗುಟ್ಟು ಇಷ್ಟೇ. ಕೈ ಮುಂದಿರಬೇಕು ಎಂದರೆ ಅದಕ್ಕೆ ತಕ್ಕಷ್ಟು ಫೇಸನ್ನು ಮೊದಲೇ ಮುಚ್ಚಿರಬೇಕು. ಒಂದನ್ನು ಬಿಟ್ಟು ಇನ್ನೊಂದು ನಡೆಯುವುದಿಲ್ಲ.

ಹಿಡಿತದಿಂದ ಶುರು ಮಾಡಿ. ಎಡಗೈಯಲ್ಲಿ ಕ್ಲಬ್ ಬೆರಳುಗಳ ಬುಡದಲ್ಲಿ ಓರೆಯಾಗಿ ಹಾಯಬೇಕು, ಅಂಗೈಯ ನಡುವೆ ಅಲ್ಲ. ನಿಮ್ಮ ಹಳೆಯ ಗ್ಲವ್ ತೆಗೆದು ನೋಡಿ. ಕಿರುಬೆರಳಿನ ಕೆಳಗಿನ ದಪ್ಪ ಭಾಗದಲ್ಲಿ ತೂತು ಬಿದ್ದಿದ್ದರೆ ಕ್ಲಬ್ ಅಂಗೈಯಲ್ಲಿ ಉಜ್ಜಾಡುತ್ತಿದೆ ಎಂದರ್ಥ. ಹಿಡಿದ ಮೇಲೆ ನೀವು ಮೇಲಿನಿಂದ ನೋಡಿದಾಗ ಎಡಗೈಯ ಎರಡೂವರೆ ಗೆಣ್ಣುಗಳಾದರೂ ಕಾಣಬೇಕು, ನಿಮಗೆ ಮೂರು ಕಂಡರೂ ನನ್ನ ತಕರಾರಿಲ್ಲ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಗೆರೆ ಬಲ ಭುಜದ ಕಡೆಗೆ ಹೋಗಬೇಕು. ಒಂದೇ ಗೆಣ್ಣು ಕಾಣುವ ಹಿಡಿತದಲ್ಲಿ ಉಳಿದ ಯಾವ ಪಾಠವೂ ಕೆಲಸ ಮಾಡುವುದಿಲ್ಲ.

ಇಲ್ಲಿ ಒಬ್ಬ ಮಹಾನುಭಾವರ ಹೆಸರು ಬರುತ್ತದೆ. ಅಮೆರಿಕದ ಹಿಂದಿನ ಚಾಂಪಿಯನ್ ಬೆನ್ ಹೋಗನ್ ಹಿಡಿತವನ್ನು ಎಡಕ್ಕೆ ತಿರುಗಿಸಿಕೊಂಡು ಆಡಿದರು, ಮೇಲೆ ಎಡ ಮಣಿಕಟ್ಟನ್ನು ಸ್ವಲ್ಪ ಹಿಂದಕ್ಕೆ ಮಡಚುತ್ತಿದ್ದರು. 1955ರಲ್ಲಿ ಲೈಫ್ ಪತ್ರಿಕೆಯಲ್ಲಿ ಅವರ ‘ಗುಟ್ಟು’ ಪ್ರಕಟವಾದಾಗಿನಿಂದ ಹವ್ಯಾಸಿಗಳು ಅದನ್ನು ಅನುಕರಿಸುತ್ತಲೇ ಇದ್ದಾರೆ. ಹೋಗನ್‌ರಿಗೆ ಇದ್ದ ಕಾಟ ಹುಕ್, ಚೆಂಡು ಎಡಕ್ಕೆ ಸುರುಳಿ ಸುತ್ತುತ್ತಿತ್ತು. ಅದನ್ನು ತಪ್ಪಿಸಲು ಫೇಸ್ ತೆರೆಯುವ ಉಪಾಯಗಳನ್ನು ಅವರು ಹುಡುಕಿಕೊಂಡರು. ನಿಮಗಿರುವುದು ಅದಕ್ಕೆ ನೇರ ವಿರುದ್ಧವಾದ ಕಾಟ. ಅವರ ಸ್ವಿಂಗ್‌ನಿಂದ ನೀವು ಎತ್ತಿಕೊಳ್ಳಬೇಕಾದದ್ದು ಬೇರೊಂದು: ಇಂಪ್ಯಾಕ್ಟ್ ಹೊತ್ತಿಗೆ ಅವರ ಎಡ ಮಣಿಕಟ್ಟಿನ ಮೂಳೆ ಗುರಿಯ ಕಡೆಗೆ ಉಬ್ಬಿ ನಿಂತಿರುತ್ತಿತ್ತು. ಈ ಕಾಲದವರಲ್ಲಿ ಡಸ್ಟಿನ್ ಜಾನ್ಸನ್, ಕಾಲಿನ್ ಮೊರಿಕಾವ ಇಬ್ಬರೂ ಸ್ವಿಂಗ್‌ನ ಮೇಲ್ತುದಿಯಲ್ಲೇ ಎಡ ಮಣಿಕಟ್ಟನ್ನು ಅಂಗೈ ಕಡೆಗೆ ಬಾಗಿಸಿರುತ್ತಾರೆ. ಫೇಸ್ ಅಲ್ಲೇ ಮುಚ್ಚಿರುವುದರಿಂದ ಕೆಳಗೆ ಬಂದಾಗ ಅವರು ಧೈರ್ಯವಾಗಿ ಸೊಂಟ ತಿರುಗಿಸುತ್ತಾ ಹೋಗಬಹುದು.

ನಿಮಗೆ ಅಷ್ಟು ಬೇಡ. ಮೇಲ್ತುದಿಯಲ್ಲಿ ಎಡಗೈಯ ಹಿಂಭಾಗ ಮತ್ತು ಮುಂದೋಳು ಒಂದೇ ಸಮತಲದಲ್ಲಿದ್ದರೆ ಸಾಕು. ಮನೆಯಲ್ಲಿ ಪರೀಕ್ಷಿಸಲು ಗ್ಲವ್‌ನ ಪಟ್ಟಿಯೊಳಗೆ ಒಂದು ಅಡಿಯ ಸ್ಕೇಲನ್ನು ಅರ್ಧ ಕೈಗೆ, ಅರ್ಧ ಮುಂದೋಳಿಗೆ ತಾಗುವಂತೆ ಸಿಕ್ಕಿಸಿ, ನಿಧಾನವಾಗಿ ಕ್ಲಬ್ ಮೇಲೆತ್ತಿ. ಮಣಿಕಟ್ಟು ಹಿಂದಕ್ಕೆ ಮಡಚಿದರೆ ಸ್ಕೇಲ್ ಕೈಗೆ ಒತ್ತುತ್ತದೆ. ಅಲ್ಲಿಂದ ಕೆಳಗಿಳಿಯಲು ಶುರುವಾಗುತ್ತಿದ್ದಂತೆ ಎಡಗೈ ಗೆಣ್ಣುಗಳು ನೆಲದ ಕಡೆಗೆ ತಿರುಗುವಂತೆ ಹಿಡಿಯನ್ನು ಹಿಂಡಿ. ಎಡತೋಳು ನೆಲಕ್ಕೆ ಸಮಾನಾಂತರ ಬರುವಷ್ಟರಲ್ಲಿ ಈ ಕೆಲಸ ಮುಗಿದಿರಬೇಕು. ಆಮೇಲೆ ಮಾಡಿದರೆ ತಡವಾಯಿತು.

ಇದನ್ನು ಮಾಡಿದಾಗ ಏನಾಗುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ನೀವು ಗಾಬರಿಯಾಗಿ ಬಿಟ್ಟುಬಿಡುತ್ತೀರಿ. ಚೆಂಡು ಎಡಕ್ಕೆ ಹೋಗುತ್ತದೆ, ಅದೂ ತಗ್ಗಿನಲ್ಲಿ, ಕೊಂಕಿಕೊಂಡು. ಅಭ್ಯಾಸಬಲದಿಂದ ನಿಮ್ಮ ಮಣಿಕಟ್ಟು ಇನ್ನೂ ಕ್ಲಬ್ಬನ್ನು ಎಸೆಯುತ್ತಿದೆ, ಫೇಸ್ ಮಾತ್ರ ಈಗಾಗಲೇ ಮುಚ್ಚಿದೆ. ನನ್ನ ವಿದ್ಯಾರ್ಥಿಗಳು ಈ ಹಂತದಲ್ಲಿ ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ, ನನಗೆ ಮಾತ್ರ ಆಗಲೇ ಖುಷಿ. ಫೇಸ್ ತೆರೆದಿದ್ದವನಿಗೆ ಸೊಂಟ ತಿರುಗಿಸಿದರೆ ನಷ್ಟ, ಆದ್ದರಿಂದ ಅವನು ತಿರುಗಿಸುವುದಿಲ್ಲ. ಫೇಸ್ ಮುಚ್ಚಿದವನಿಗೆ ತಿರುಗಿಸದಿದ್ದರೆ ನಷ್ಟ. ಎಡಕ್ಕೆ ಹೋಗುವ ಚೆಂಡನ್ನು ನೇರ ಮಾಡಲು ಮೈ ತಾನೇ ತಿರುಗತೊಡಗುತ್ತದೆ, ಕೈಗಳು ಮುಂದಕ್ಕೆ ಸಾಗತೊಡಗುತ್ತವೆ. ‘ಸೊಂಟ ತಿರುಗಿಸಿ, ಸೊಂಟ ತಿರುಗಿಸಿ’ ಎಂದು ಎಷ್ಟು ಕೂಗಿದರೂ ಬಾರದ್ದು ಹೀಗೆ ಬರುತ್ತದೆ.

ಇನ್ನು ನೆಲ ಅಗೆಯುವ ವಿಚಾರ. ರೇಂಜಿನ ಮ್ಯಾಟ್ ನಿಮಗೆ ಸುಳ್ಳು ಹೇಳುತ್ತಿದೆ. ಚೆಂಡಿಗಿಂತ ಎರಡು ಇಂಚು ಹಿಂದೆ ಕ್ಲಬ್ ಬಿದ್ದರೂ ಮ್ಯಾಟ್ ಮೇಲೆ ಅದು ಜಾರಿ ಚೆಂಡಿಗೆ ತಾಗುತ್ತದೆ, ಹೊಡೆತ ಚೆನ್ನಾಗಿತ್ತು ಎನ್ನಿಸುತ್ತದೆ. ಅದೇ ಹೊಡೆತ ಕೋರ್ಸಿನ ಹುಲ್ಲುಹಾದಿಯಾದ ಫೇರ್‌ವೇಯಲ್ಲಿ, ಅದರಲ್ಲೂ ಮಳೆಗಾಲದ ಮೆತ್ತನೆಯ ನೆಲದಲ್ಲಿ, ಹೂತುಹೋಗುತ್ತದೆ. ಸ್ವಿಂಗ್ ಒಂದು ಕಮಾನು; ಆ ಕಮಾನಿನ ಅತ್ಯಂತ ತಗ್ಗಿನ ಬಿಂದು ಎಲ್ಲಿದೆ ಎನ್ನುವುದೇ ಐರನ್ ಆಟದ ಜೀವ. ಒಳ್ಳೆಯ ಆಟಗಾರರಲ್ಲಿ ಅದು ಚೆಂಡಿನಿಂದ ನಾಲ್ಕು ಇಂಚಿನಷ್ಟು ಮುಂದೆ, ಗುರಿಯ ಕಡೆಗೆ ಇರುತ್ತದೆ. ಪಿಜಿಎ ಟೂರ್ ಆಟಗಾರರ 7 ಐರನ್ ಸರಾಸರಿ 4 ಡಿಗ್ರಿಯಷ್ಟು ಕೆಳಮುಖವಾಗಿ ಇಳಿಯುತ್ತಲೇ ಚೆಂಡಿಗೆ ತಾಗುತ್ತದೆ. ಅಂದರೆ ಮೊದಲು ಚೆಂಡು, ಆಮೇಲೆ ನೆಲ. ನಿಮ್ಮಲ್ಲಿ ಆ ಬಿಂದು ಚೆಂಡಿನ ಹಿಂದಿದೆ.

ಇದನ್ನು ತಿದ್ದಲು ದುಬಾರಿ ಯಂತ್ರ ಬೇಡ. ಅಭ್ಯಾಸಕ್ಕೆ ಬಿಟ್ಟಿರುವ ಹುಲ್ಲಿನ ಜಾಗದಲ್ಲಿ, ಅನುಮತಿ ಪಡೆದು, ಗುರಿಯ ದಿಕ್ಕಿಗೆ ಅಡ್ಡಲಾಗಿ ರಂಗೋಲಿ ಪುಡಿಯಿಂದ ಒಂದು ಉದ್ದ ಗೆರೆ ಎಳೆಯಿರಿ. ಚೆಂಡು ಬೇಡ. ಗೆರೆ ನಿಮ್ಮ ಎರಡು ಪಾದಗಳ ಮಧ್ಯಕ್ಕಿಂತ ಒಂದು ಚೆಂಡಿನಷ್ಟು ಎಡಕ್ಕೆ ಬರುವಂತೆ ನಿಂತು ಸ್ವಿಂಗ್ ಮಾಡಿ, ಒಂದು ಹೆಜ್ಜೆ ಸರಿದು ಇನ್ನೊಂದು, ಮತ್ತೊಂದು. ಹುಲ್ಲು ಕಿತ್ತ ಗುರುತು, ನಾವು ಡಿವಟ್ ಎನ್ನುವುದು, ಗೆರೆಯ ಮೇಲೆ ಶುರುವಾಗಿ ಗುರಿಯ ಕಡೆಗೆ ಸಾಗಬೇಕು. ಮೊದಲ ದಿನ ನಿಮ್ಮ ಗುರುತುಗಳೆಲ್ಲ ಗೆರೆಯ ಹಿಂದೆಯೇ ಬೀಳುತ್ತವೆ. ನೋಡಿ ಬೇಸರ ಬೇಡ. ನಿಮ್ಮ ಮೈಗೆ ಇದುವರೆಗೆ ಯಾರೂ ಇಷ್ಟು ಸ್ಪಷ್ಟವಾಗಿ ಸತ್ಯ ಹೇಳಿರಲಿಲ್ಲ. ಮ್ಯಾಟ್ ಬಿಟ್ಟರೆ ಬೇರೆ ಗತಿಯಿಲ್ಲ ಎನ್ನುವವರು ಚೆಂಡಿನ ಹಿಂದೆ ಒಂದು ಗೇಣು ದೂರದಲ್ಲಿ ತೆಳುವಾದ ಟವೆಲ್ ಮಡಚಿ ಇಟ್ಟು, ಅದಕ್ಕೆ ತಾಗದಂತೆ ಹೊಡೆಯಲಿ.

ಗುರುತು ಮುಂದಕ್ಕೆ ಸರಿಯುವುದು ಭಾರ ಎಡಗಾಲಿಗೆ ಬಂದಾಗ, ಅದೂ ಬೇಗ ಬಂದಾಗ. ಬಹಳ ಜನ ಹೊಡೆದ ಮೇಲೆ ಎಡಗಾಲ ಮೇಲೆ ನಿಂತು ಭಾರ ಬಂತು ಎಂದು ತೃಪ್ತಿಪಡುತ್ತಾರೆ. ಕ್ಲಬ್ ಇನ್ನೂ ಹಿಂದಕ್ಕೆ ಹೋಗುತ್ತಿರುವಾಗಲೇ ಎಡ ಪಾದ ನೆಲವನ್ನು ಒತ್ತತೊಡಗಬೇಕು. ಇಂಪ್ಯಾಕ್ಟ್ ಹೊತ್ತಿಗೆ ಮುಕ್ಕಾಲು ಭಾಗ ಒತ್ತಡವಾದರೂ ಎಡಗಾಲಲ್ಲಿರಬೇಕು. ಪಾದಗಳನ್ನು ಜೋಡಿಸಿ ನಿಂತು ಕ್ಲಬ್ ಎತ್ತಿ, ಅದು ಮೇಲ್ತುದಿ ಮುಟ್ಟುವ ಮುಂಚೆ ಎಡಗಾಲನ್ನು ಗುರಿಯ ಕಡೆಗೆ ಒಂದು ಹೆಜ್ಜೆ ಇಟ್ಟು ಹೊಡೆಯುವ ಅಭ್ಯಾಸ ಮಾಡಿ. ಕ್ರಿಕೆಟ್ಟಿನ ಮುಂಗಾಲು ನಿಮಗೆ ನೆರವಾಗುವುದು ಇಲ್ಲೇ. ಚೆಂಡನ್ನು ಗಾಳಿಗೆ ಎತ್ತಬೇಕು ಎಂಬ ಆಸೆಯನ್ನೂ ಬಿಡಿ. ಎತ್ತುವ ಕೆಲಸಕ್ಕೆ ಕ್ಲಬ್‌ಗೆ ಲಾಫ್ಟ್ ಕೊಟ್ಟಿದ್ದಾರೆ.

ಸೊಂಟ ಚೆಂಡಿನ ಕಡೆಗೆ ನುಗ್ಗುವ ತೊಂದರೆ ಫೇಸ್ ಸರಿಹೋದಾಗ ಅರ್ಧ ಇಳಿಯುತ್ತದೆ. ಉಳಿದರ್ಧಕ್ಕೆ ಒಂದು ಕುರ್ಚಿ ಸಾಕು. ನಿಂತ ಭಂಗಿಯಲ್ಲಿ ನಿಮ್ಮ ಹಿಂಭಾಗಕ್ಕೆ ಕುರ್ಚಿಯ ಬೆನ್ನು ಅಷ್ಟೇ ತಾಗುವಂತೆ ಇಡಿ. ಕ್ಲಬ್ ಹಿಂದೆ ಹೋಗುವಾಗ ಬಲ ಪೃಷ್ಠ ಕುರ್ಚಿಗೆ ಒತ್ತಬೇಕು, ಕೆಳಗೆ ಬರುವಾಗ ಅದು ಬಿಟ್ಟ ಜಾಗಕ್ಕೆ ಎಡ ಪೃಷ್ಠ ಬಂದು ಒತ್ತಬೇಕು, ಹೊಡೆದಾದ ಮೇಲೂ ತಾಗಿಕೊಂಡೇ ಇರಬೇಕು. ಕುರ್ಚಿ ಮುಟ್ಟದೆ ಹೋದರೆ ನೀವು ಎದ್ದಿದ್ದೀರಿ. ವೃತ್ತಿಪರರಲ್ಲಿ ಇಂಪ್ಯಾಕ್ಟ್ ಹೊತ್ತಿಗೆ ಸೊಂಟ ಗುರಿಯ ಕಡೆಗೆ 35ರಿಂದ 45 ಡಿಗ್ರಿ ತೆರೆದಿರುತ್ತದೆ, ಎದೆ ಅದಕ್ಕಿಂತ ಕಡಿಮೆ. ದಿನವಿಡೀ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವ 46ರ ಮೈಗೆ ಅಷ್ಟು ದಕ್ಕಲಿಕ್ಕಿಲ್ಲ, 25 ಡಿಗ್ರಿ ಬಂದರೂ ನಿಮ್ಮ ಆಟ ಬೇರೆಯಾಗುತ್ತದೆ. ಒಂದು ಸುಲಭದ ರಿಯಾಯಿತಿ ಇದೆ: ನಿಲ್ಲುವಾಗಲೇ ಎಡ ಪಾದದ ತುದಿಯನ್ನು ಗುರಿಯ ಕಡೆಗೆ 25 ಡಿಗ್ರಿಯಷ್ಟು ಹೊರಳಿಸಿ. ಬಿಗಿಯಾದ ಸೊಂಟಕ್ಕೆ ತಿರುಗಲು ಅಷ್ಟು ಜಾಗ ಹೆಚ್ಚು ಸಿಗುತ್ತದೆ. ಕೆಳಬೆನ್ನಿನಲ್ಲಿ ನೋವಿದ್ದರೆ ಮೊದಲು ವೈದ್ಯರನ್ನು ಕಾಣಿ, ಆಮೇಲೆ ಈ ಪಾಠ.

ಈಗ ಕೈಗಳು. ಬಲಗೈಯ ಪಾತ್ರವನ್ನು ಮಾತಿನಲ್ಲಿ ಹೇಳುವುದಕ್ಕಿಂತ ಒಂದು ಆಟ ನೆನಪಿಸಿದರೆ ಬೇಗ ಅರ್ಥವಾಗುತ್ತದೆ. ಕೆರೆಯ ದಂಡೆಯಲ್ಲಿ ನಿಂತು ಚಪ್ಪಟೆ ಕಲ್ಲನ್ನು ನೀರ ಮೇಲೆ ಕುಪ್ಪಳಿಸುವಂತೆ ಎಸೆಯುವಾಗ ಮೊಣಕೈ ಪಕ್ಕೆಯ ಮುಂದೆ ಬರುತ್ತದೆ, ಮಣಿಕಟ್ಟು ಹಿಂದಕ್ಕೆ ಬಾಗಿಕೊಂಡೇ ಉಳಿಯುತ್ತದೆ, ಕಾಲು ಮತ್ತು ಸೊಂಟ ಮೊದಲು ಹೊರಡುತ್ತವೆ. ಬಲಗೈಗೆ ಬೇಕಾದದ್ದೆಲ್ಲ ಅದರಲ್ಲಿದೆ. ಇಂಪ್ಯಾಕ್ಟ್‌ನಲ್ಲಿ ಎಡ ಮಣಿಕಟ್ಟು ಚಪ್ಪಟೆಯಾಗಿರಬೇಕು ಎಂದರೂ ಬಲ ಮಣಿಕಟ್ಟು ಹಿಂದಕ್ಕೆ ಬಾಗಿರಬೇಕು ಎಂದರೂ ಒಂದೇ. ಎರಡೂ ಒಂದೇ ಹಿಡಿಯ ಮೇಲಿವೆ. ನಿಮಗೆ ಯಾವ ಕೈ ಹೆಚ್ಚು ಮಾತು ಕೇಳುತ್ತದೋ ಅದಕ್ಕೆ ಹೇಳಿ. ಎರಡಕ್ಕೂ ಒಟ್ಟಿಗೆ ಹೇಳಬೇಡಿ.

ಈ ಅನುಭವವನ್ನು ಪೂರ್ತಿ ಸ್ವಿಂಗ್‌ನಲ್ಲಿ ಹುಡುಕಬೇಡಿ. 8 ಅಥವಾ 9 ಐರನ್ ತೆಗೆದುಕೊಂಡು, ಹಿಂದೆ ಎಡತೋಳು ನೆಲಕ್ಕೆ ಸಮಾನಾಂತರ ಬರುವವರೆಗೆ, ಮುಂದೆ ಬಲತೋಳು ಸಮಾನಾಂತರ ಬರುವವರೆಗೆ, ಐವತ್ತು ಅರುವತ್ತು ಗಜದ ಹೊಡೆತ ಸಾಕು. ಹೊಡೆದು ಅಲ್ಲೇ ನಿಂತುಬಿಡಿ, ನೋಡಿ. ಎದೆ ಗುರಿಯ ಕಡೆಗೆ ತಿರುಗಿದೆಯೇ? ಎರಡೂ ತೋಳು ನೀಳವಾಗಿವೆಯೇ? ಕ್ಲಬ್‌ಹೆಡ್ ಕೈಗಳಿಗಿಂತ ಮೇಲಕ್ಕೆ ಹಾರಿಹೋಗದೆ ತಗ್ಗಿನಲ್ಲಿದೆಯೇ? ಚೆಂಡು ಎಂದಿಗಿಂತ ತಗ್ಗಿನಲ್ಲಿ, ಕೊರೆಯುವಂತೆ ಹೋಗಬೇಕು. ನನ್ನ ಕೇಳಿದರೆ ಇಡೀ ಗಾಲ್ಫ್ ಅಭ್ಯಾಸದಲ್ಲಿ ಇದಕ್ಕಿಂತ ಲಾಭದ ಹೊಡೆತ ಇನ್ನೊಂದಿಲ್ಲ, ಇದರಷ್ಟು ಜನ ಬೇಸರಪಟ್ಟು ಬಿಡುವ ಹೊಡೆತವೂ ಇಲ್ಲ. ಪಕ್ಕದವರು ಡ್ರೈವರ್ ಎಂಬ ಅತಿ ಉದ್ದದ ಕ್ಲಬ್ ಹಿಡಿದು ಆಕಾಶಕ್ಕೆ ಬಾರಿಸುತ್ತಿರುವಾಗ ಅರುವತ್ತು ಗಜಕ್ಕೆ ಹೊಡೆಯಲು ಸ್ವಲ್ಪ ದಪ್ಪ ಚರ್ಮ ಬೇಕು.

ಚೆಂಡಿಲ್ಲದೆ ಮಾಡಬಹುದಾದ ಇನ್ನೊಂದಿದೆ. ದಿಕ್ಕು ಹೊಂದಿಸಲು ಬಳಸುವ ಉದ್ದ ಕಡ್ಡಿಯನ್ನು ಕ್ಲಬ್‌ನ ಹಿಡಿಯ ಜೊತೆ ಸೇರಿಸಿ ಹಿಡಿಯಿರಿ. ಕಡ್ಡಿಯ ಉಳಿದ ಭಾಗ ನಿಮ್ಮ ಎಡ ಪಕ್ಕೆಯ ಪಕ್ಕದಿಂದ ಹಿಂದಕ್ಕೆ ಚಾಚಿರಲಿ. ನಿಧಾನವಾಗಿ ಸೊಂಟದೆತ್ತರದ ಸ್ವಿಂಗ್ ಮಾಡಿ. ಮಣಿಕಟ್ಟು ಎಸೆದರೆ ಕಡ್ಡಿ ಪಕ್ಕೆಗೆ ಬಡಿಯುತ್ತದೆ. ಜೋರಾಗಿ ಮಾಡಿದರೆ ನೀಲಿಗಟ್ಟುತ್ತದೆ, ಆ ಹೊಣೆ ನಿಮ್ಮದು. ಗೋಣಿಚೀಲಕ್ಕೆ ಹಳೆ ಬಟ್ಟೆ ತುಂಬಿ ಅದಕ್ಕೆ ಕ್ಲಬ್ ಒತ್ತಿ ಇಂಪ್ಯಾಕ್ಟ್ ಭಂಗಿಯಲ್ಲಿ ನಿಲ್ಲುವ ಅಭ್ಯಾಸವೂ ಒಳ್ಳೆಯದು. ಬಟ್ಟೆಗೆ ಬದಲು ಮರಳು ಮಾತ್ರ ತುಂಬಬೇಡಿ, ಮಣಿಕಟ್ಟು ಉಳುಕುತ್ತದೆ.

ಶ್ಯಾಂಕ್‌ಗೆ ಹೆದರಬೇಡಿ. ಹಿಡಿಯನ್ನು ಬಲವಂತವಾಗಿ ಮುಂದೆ ಎಳೆದಾಗ ಫೇಸ್ ತೆರೆಯುತ್ತದೆ, ಸೊಂಟ ನುಗ್ಗುವುದರಿಂದ ಕೈಗಳು ಮೈಯಿಂದ ದೂರ ಸರಿಯುತ್ತವೆ, ಶಾಫ್ಟ್ ಕ್ಲಬ್‌ಹೆಡ್‌ಗೆ ಸೇರುವ ಗುಂಡನೆಯ ಭಾಗ ಚೆಂಡಿಗೆ ಮೊದಲು ಸಿಗುತ್ತದೆ. ಕುರ್ಚಿಯ ಅಭ್ಯಾಸ ನಡೆಸಿದರೆ ಅದು ತಾನೇ ಹೋಗುತ್ತದೆ.

ವಿಡಿಯೊ ಬಗ್ಗೆ ಎರಡು ಎಚ್ಚರಿಕೆ. ಮುಂದಿನಿಂದ ತೆಗೆಯುವಾಗ ಮೊಬೈಲ್ ನಿಮ್ಮ ಎದೆಯ ಎತ್ತರದಲ್ಲಿ, ಚೆಂಡಿಗೆ ನೇರ ಎದುರಿರಬೇಕು. ಒಂದು ಮಾರು ಆಚೀಚೆಯಾದರೂ ಕೈಗಳು ಇದ್ದದ್ದಕ್ಕಿಂತ ಮುಂದೆಯೋ ಹಿಂದೆಯೋ ಕಾಣುತ್ತವೆ. ನಿಧಾನಗತಿಯಲ್ಲಿ, ಸೆಕೆಂಡಿಗೆ 240 ಚಿತ್ರಗಳಲ್ಲಿ ತೆಗೆಯಿರಿ. ಶಾಫ್ಟ್ ಬಿಲ್ಲಿನಂತೆ ಬಾಗಿ ಕಂಡರೆ ಅದರಲ್ಲಿ ಹೆಚ್ಚಿನ ಪಾಲು ಮೊಬೈಲ್ ಕ್ಯಾಮೆರಾ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಆಗುವ ಭ್ರಮೆ, ಅದನ್ನು ನೋಡಿ ತೀರ್ಮಾನ ಮಾಡಬೇಡಿ.

ಈ ಮಾತೆಲ್ಲ ಐರನ್‌ಗಳಿಗೆ ಮಾತ್ರ. ಡ್ರೈವರ್‌ನಲ್ಲಿ ಚೆಂಡು ಟೀ ಎಂಬ ಪುಟ್ಟ ಗೂಟದ ಮೇಲೆ, ಎಡ ಹಿಮ್ಮಡಿಯ ನೇರದಲ್ಲಿರುತ್ತದೆ. ಕಮಾನಿನ ತಗ್ಗು ಬಿಂದು ದಾಟಿದ ಮೇಲೆ, ಕ್ಲಬ್ ಸ್ವಲ್ಪ ಏರುವಾಗ ಹೊಡೆದರೆ ನಿಮ್ಮ ವೇಗದವರಿಗೆ ಲಾಭ. ಅಲ್ಲಿ ಕೈಗಳು ಚೆಂಡಿನ ನೇರಕ್ಕಿದ್ದರೆ ಸಾಕು. ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಪಕ್ಕದ ಚಿಪ್ ಎಂಬ ಪುಟ್ಟ ಹೊಡೆತದಲ್ಲೂ ಕೈಗಳನ್ನು ತೀರಾ ಮುಂದೆ ಒಯ್ಯಬೇಡಿ. ಆ ಹೊಡೆತಕ್ಕೆ ಬಳಸುವ ವೆಜ್ ಎಂಬ ಕ್ಲಬ್‌ನ ತಳದ ಉಬ್ಬು ನೆಲದ ಮೇಲೆ ಜಾರಲೆಂದು ಇರುವುದು. ಶಾಫ್ಟ್ ಹೆಚ್ಚು ವಾಲಿದರೆ ಉಬ್ಬು ಮೇಲೆದ್ದು ಅಂಚು ಮಣ್ಣಿಗೆ ಕಚ್ಚಿಕೊಳ್ಳುತ್ತದೆ.

ದೂರದ ಬಗ್ಗೆ ತುಂಬ ಯೋಚಿಸಬೇಡಿ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದಾಗ, ಟೀಯಿಂದ ಅತಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲೇ ಇದ್ದರು. ನಿಮ್ಮ 7 ಐರನ್‌ಗೆ ಲಾಫ್ಟ್ ಸರಿಯಾಗಿ ಸಿಕ್ಕರೆ, ವೇಗ ಒಂದಿಷ್ಟೂ ಹೆಚ್ಚಿಸದೆ ಚೆಂಡು ಇನ್ನಷ್ಟು ಮುಂದೆ ಹೋಗುತ್ತದೆ.

ಅಭ್ಯಾಸದ ಹಂಚಿಕೆ ಹೀಗಿರಲಿ: ಸ್ಕೇಲ್ ಮತ್ತು ಕುರ್ಚಿಯದು ಮನೆಯಲ್ಲಿ, ದಿನಕ್ಕೆ ಹತ್ತು ನಿಮಿಷ, ಕನ್ನಡಿಯ ಮುಂದೆ, ನಿಧಾನವಾಗಿ. ರಂಗೋಲಿ ಗೆರೆ ಮತ್ತು ಅರ್ಧ ಸ್ವಿಂಗ್ ರೇಂಜಿನಲ್ಲಿ. ಕೋರ್ಸಿಗೆ ಇಳಿದ ಮೇಲೆ ಇದ್ಯಾವುದನ್ನೂ ನೆನೆಯಬಾರದು, ಗುರಿ ನೋಡಿ ಹೊಡೆಯಬೇಕು. ಹಿಡಿತ ಬದಲಿಸಿದ ಮೇಲೆ ಮೊದಲ ಕೆಲವು ವಾರ ಸ್ಕೋರ್ ಕೆಡುತ್ತದೆ. ಆದ್ದರಿಂದ ಕ್ಲಬ್‌ನ ಮಾಸಿಕ ಸ್ಪರ್ಧೆ ಹತ್ತಿರವಿದ್ದರೆ ಅದು ಮುಗಿದ ಮೇಲೆ ಶುರು ಮಾಡಿ.

ಹೊಸ ಸೆಟ್ ಸದ್ಯಕ್ಕೆ ಬೇಡ. ಈಗಿನ ಅನೇಕ ಐರನ್‌ಗಳಲ್ಲಿ 7 ಎಂದು ಬರೆದಿರುವುದರ ಲಾಫ್ಟ್ 30 ಡಿಗ್ರಿಗಿಂತ ಕಡಿಮೆ. ಅದರಲ್ಲಿ ಚೆಂಡು ದೂರ ಹೋಗುತ್ತದೆ, ನಿಮ್ಮ ಮಣಿಕಟ್ಟು ಮಡಚುವುದು ಹಾಗೆಯೇ ಉಳಿಯುತ್ತದೆ. ಇರುವ ಕ್ಲಬ್‌ಗಳ ಗ್ರಿಪ್ ಸವೆದು ನುಣುಪಾಗಿದ್ದರೆ ಅವನ್ನು ಮಾತ್ರ ಬದಲಿಸಿ, ಏಕೆಂದರೆ ಜಾರುವ ಗ್ರಿಪ್ಪನ್ನು ಬಿಗಿಯಾಗಿ ಹಿಡಿದ ಕೈ ತಿರುಗುವುದಿಲ್ಲ. ಡಿವಟ್ ಗೆರೆಯ ಮುಂದೆ ಬೀಳತೊಡಗಿ ಒಂದೆರಡು ತಿಂಗಳಾದ ಮೇಲೆ ಫಿಟ್ಟಿಂಗ್ ಮಾಡುವವರ, ಅಂದರೆ ಸ್ವಿಂಗ್ ಅಳೆದು ಕ್ಲಬ್ ಹೊಂದಿಸಿಕೊಡುವವರ, ಬಳಿ ಹೋಗಿ. ಈಗಿನ ಸ್ವಿಂಗ್‌ಗೆ ಅಳತೆ ಕೊಟ್ಟು ಹೊಲಿಸಿದ ಕ್ಲಬ್ ಆಗ ನಿಮಗೆ ಹೊಂದುವುದಿಲ್ಲ.